ತಿರುವು ಬರುವ ಮೊದಲೇ ತಿರುಗುವುದು: ತೇಲುನೌಕೆಗಳ ರೇಸಿಂಗ್ ಆಟವನ್ನು ಕಲಿಯುವ ಬಗೆ

ನೆಲಕ್ಕೆ ತಾಗದೆ ಗಾಳಿಯಲ್ಲಿ ತೇಲುತ್ತಾ ಓಡುವ ನೌಕೆಗಳ ರೇಸಿಂಗ್ ವಿಡಿಯೋ ಆಟ ವೈಪೌಟ್. ನಮ್ಮ ಮನೆಗೆ ಬಂದು ಮೊದಲ ಬಾರಿಗೆ ಅದನ್ನು ಆಡಲು ಕುಳಿತವರೆಲ್ಲರೂ ಒಂದೇ ರೀತಿ ಆಡುತ್ತಾರೆ. ಹಸಿರು ದೀಪ ಬೀಳುತ್ತಿದ್ದಂತೆ ವೇಗದ ಗುಂಡಿಯನ್ನು ಒತ್ತಿ ಹಿಡಿಯುತ್ತಾರೆ, ಮೊದಲ ತಿರುವನ್ನು ಹೇಗೋ ದಾಟುತ್ತಾರೆ, ಎರಡನೆಯದರಲ್ಲಿ ಗೋಡೆಗೆ ಬಡಿಯುತ್ತಾರೆ, ಮೂರನೆಯದರ ಹೊತ್ತಿಗೆ ಎಂಟನೆಯ ಸ್ಥಾನಕ್ಕೆ ಇಳಿದಿರುತ್ತಾರೆ. ಹತ್ತು ನಿಮಿಷ ಕಳೆಯುವುದರೊಳಗೆ ಕಂಟ್ರೋಲರ್ ಕೆಳಗಿಟ್ಟು, ಈ ವೇಗ ತಮ್ಮ ಕೈಗೆ ದಕ್ಕುವುದಿಲ್ಲ ಎಂದು ಹೇಳಿ ಎದ್ದುಬಿಡುತ್ತಾರೆ. ಅವರ ಕಣ್ಣಿಗಾಗಲಿ ಕೈಗಾಗಲಿ ಯಾವ ಕೊರತೆಯೂ ಇಲ್ಲ. ನೆಲದ ಮೇಲೆ ಓಡುವ ಕಾರಿನ ಆಟವನ್ನು ಆಡುವ ಹಾಗೆ ಇದನ್ನು ಆಡಲು ಹೊರಟದ್ದೇ ತೊಡಕಿಗೆ ಕಾರಣ. ಇಪ್ಪತ್ತೈದು ವರ್ಷಗಳಿಂದ ಈ ಆಟಗಳನ್ನು ಪ್ರೀತಿಯಿಂದ ಆಡುತ್ತಾ ಬಂದಿರುವ ನನಗೆ, ಸರಿಯಾದ ಕ್ರಮದಲ್ಲಿ ಕಲಿತರೆ ಯಾರಿಗಾದರೂ ಇವು ಒಲಿಯುತ್ತವೆ ಎಂಬ ನಂಬಿಕೆ ಇದೆ. ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಲಿತದ್ದು ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಚಿಕ್ಕ ವಿಡಿಯೋ ಗೇಮ್ ಅಂಗಡಿಯಲ್ಲಿ. ಗಂಟೆಗೆ ಇಷ್ಟು ಎಂದು ಹಣ ಕೊಟ್ಟು ಆಡುವ ಜಾಗ ಅದು. ಅಲ್ಲಿದ್ದ ಪ್ಲೇಸ್ಟೇಷನ್ ಕಂಟ್ರೋಲರಿನ ಬಲಬದಿಯ ಆರ್2 ಗುಂಡಿ ಒಳಗೇ ಕೂತುಬಿಟ್ಟಿತ್ತು. ಒತ್ತಿದರೆ ಏನೂ ಆಗುತ್ತಿರಲಿಲ್ಲ. ಆ ಗುಂಡಿ ಏತಕ್ಕಿದೆ ಎಂಬುದನ್ನು ನನಗೆ ಹೇಳುವವರೂ ಇರಲಿಲ್ಲವಾದ್ದರಿಂದ, ನೌಕೆ ಎಡಕ್ಕೆ ಚೆನ್ನಾಗಿ ತಿರುಗುತ್ತದೆ, ಬಲಕ್ಕೆ ತಿರುಗುವುದಿಲ್ಲ, ಆಟವೇ ಹಾಗೆ ಎಂದು ಒಂದು ವರ್ಷಕ್ಕೂ ಹೆಚ್ಚು ಕಾಲ ತಿಳಿದುಕೊಂಡಿದ್ದೆ. ಬೆಂಗಳೂರಿನಲ್ಲಿ ಸಂಬಂಧಿಕರ ಮನೆಯಲ್ಲಿ ಸರಿಯಾದ ಕಂಟ್ರೋಲರ್ ಹಿಡಿದು ಮೊದಲ ಬಾರಿಗೆ ಬಲಗಡೆಯ ಏರ್‌ಬ್ರೇಕ್ (ಆ ಬದಿಗೆ ಗಾಳಿಯ ತಡೆ ಹೆಚ್ಚಿಸಿ ನೌಕೆಯನ್ನು ತಿರುಗಿಸುವ ಗುಂಡಿ) ಒತ್ತಿದಾಗ ನೌಕೆಯ ಮೂತಿ ತಿರುವಿನೊಳಕ್ಕೆ ನುಸುಳಿಕೊಂಡು ಹೋದ ಕ್ಷಣ ಇಂದಿಗೂ ನೆನಪಿದೆ. ಆದ್ದರಿಂದ ನನ್ನ ಮೊದಲ ಸಲಹೆ ಬಹಳ ಸಣ್ಣದು. ಆಟಕ್ಕೆ ಕೂರುವ ಮುನ್ನ ಕಂಟ್ರೋಲರಿನ ಎರಡೂ ಹೆಗಲ ಗುಂಡಿಗಳನ್ನು, ಅಂದರೆ ಮೇಲಂಚಿನಲ್ಲಿ ತೋರುಬೆರಳಿಗೆ ಸಿಗುವ ಎಡ ಬಲದ ಗುಂಡಿಗಳನ್ನು, ಪರೀಕ್ಷಿಸಿ. ಹಳೆಯ ಕಂಟ್ರೋಲರ್ ಕೊಳ್ಳುವವರಂತೂ ಉಳಿದ ಗುಂಡಿಗಳಿಗಿಂತ ಮೊದಲು ಇವೆರಡನ್ನು ನೋಡಬೇಕು.

ಯಾವ ಆಟದಿಂದ ಆರಂಭಿಸಬೇಕು ಎಂಬುದು ಮನೆಯಲ್ಲಿ ಯಾವ ಯಂತ್ರವಿದೆ ಎಂಬುದನ್ನು ಅವಲಂಬಿಸಿದೆ. ಆದರೂ ಆಯ್ಕೆಗೆ ಮೊದಲು ಈ ಬಗೆಯ ಆಟಗಳ ಎರಡು ಮನೆತನಗಳನ್ನು ಗುರುತಿಸಿಕೊಳ್ಳುವುದು ಒಳ್ಳೆಯದು. ಒಂದು, 1990ರಲ್ಲಿ ನಿಂಟೆಂಡೊ ತನ್ನ ಸೂಪರ್ ಫ್ಯಾಮಿಕಾಮ್ ಯಂತ್ರದ ಜೊತೆಗೆ ಜಪಾನಿನಲ್ಲಿ ಹೊರತಂದ ಎಫ್-ಝೀರೋ. ಇನ್ನೊಂದು, 1995ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ಸಿಗ್ನೋಸಿಸ್ ಸಂಸ್ಥೆ ರೂಪಿಸಿದ ವೈಪೌಟ್. ಎಫ್-ಝೀರೋ ಮನೆತನದಲ್ಲಿ ಆಯುಧಗಳಿಲ್ಲ. ವೇಗ, ತಿರುವು ಮತ್ತು ಶಕ್ತಿಯ ಲೆಕ್ಕಾಚಾರವೇ ಎಲ್ಲ. 1998ರ ಎಫ್-ಝೀರೋ ಎಕ್ಸ್‌ನಿಂದೀಚೆಗೆ ಆ ಲೆಕ್ಕಾಚಾರ ಇನ್ನಷ್ಟು ತೀಕ್ಷ್ಣವಾಯಿತು: ಮೊದಲ ಸುತ್ತು ಮುಗಿದ ಮೇಲೆ ಬೂಸ್ಟ್ (ಕ್ಷಣಕಾಲ ವೇಗ ಹೆಚ್ಚಿಸುವ ತಳ್ಳು) ಒತ್ತಬಹುದು, ಆದರೆ ಪ್ರತಿ ಬೂಸ್ಟ್ ನೌಕೆಯ ಶಕ್ತಿಯನ್ನೇ ಕಡಿಮೆ ಮಾಡುತ್ತದೆ, ಹೀಗಾಗಿ ಗೆಲ್ಲಲು ಬೇಕಾದ ಇಂಧನವೂ ಬದುಕಿ ಉಳಿಯಲು ಬೇಕಾದ ಜೀವವೂ ಒಂದೇ ಪಟ್ಟಿಯಲ್ಲಿ ಇರುತ್ತವೆ. ವೈಪೌಟ್ ಮನೆತನದಲ್ಲಿ ರಾಕೆಟ್, ಮೈನ್, ಕ್ಷಿಪಣಿಗಳಿವೆ. ಅದರ ಜೀವಾಳವಿರುವುದು ಮಾತ್ರ ಎಡ ಬಲದ ಏರ್‌ಬ್ರೇಕ್‌ಗಳಲ್ಲಿ.

ಪ್ಲೇಸ್ಟೇಷನ್ 4 ಅಥವಾ 5 ಇರುವವರು 2017ರ ವೈಪೌಟ್ ಒಮೇಗಾ ಕಲೆಕ್ಷನ್‌ನಿಂದ ಆರಂಭಿಸಲಿ. 26 ಟ್ರ್ಯಾಕ್‌ಗಳು ಒಂದೇ ಕಡೆ ಸಿಗುತ್ತವೆ, ನಿಧಾನದ ದರ್ಜೆಗಳು ನಿಜವಾಗಿಯೂ ನಿಧಾನವಾಗಿವೆ. ಅದಕ್ಕಿಂತಲೂ ಮುಖ್ಯವಾಗಿ, ಗೋಡೆಯ ಹತ್ತಿರ ಹೋದಾಗ ನೌಕೆಯನ್ನು ಮೆಲ್ಲಗೆ ಒಳಕ್ಕೆ ತಳ್ಳುವ ಪೈಲಟ್ ಅಸಿಸ್ಟ್ ಎಂಬ ಸಹಾಯವೂ ಅದರಲ್ಲಿದೆ. ಕಂಪ್ಯೂಟರ್ ಮಾತ್ರ ಇರುವವರಿಗೆ ನಾನು ಹಿಂಜರಿಯದೆ ಹೇಳುವುದು ಬ್ಯಾಲಿಸ್ಟಿಕ್ ಎನ್‌ಜಿ. ಹಳೆಯ ಪ್ಲೇಸ್ಟೇಷನ್ ಕಾಲದ ಚಿತ್ರಶೈಲಿಯನ್ನು ಬೇಕೆಂದೇ ಉಳಿಸಿಕೊಂಡಿರುವುದರಿಂದ ಕಾಲೇಜು ಹುಡುಗರ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿಯೂ ಅದು ಸರಾಗವಾಗಿ ಓಡುತ್ತದೆ. ಇಟಲಿಯ ಟ್ಯೂರಿನ್ ನಗರದಲ್ಲಿ ತಯಾರಾದ ರೆಡೌಟ್ ಅದ್ಭುತವಾದ ಆಟವೇ ಆದರೂ ಮೊದಲ ಆಟವಾಗಿ ಬೇಡ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ನಿಂಟೆಂಡೊ ಸ್ವಿಚ್ ಇರುವವರಿಗೆ 2017ರ ಫಾಸ್ಟ್ ಆರ್‌ಎಂಎಕ್ಸ್ ಇದೆ, 2023ರಲ್ಲಿ ಬಂದ, ಏಕಕಾಲಕ್ಕೆ 99 ಜನ ಆಡುವ ಎಫ್-ಝೀರೋ 99 ಇದೆ. 2003ರ ಎಫ್-ಝೀರೋ ಜಿಎಕ್ಸ್ ಈಗ ಸ್ವಿಚ್ 2 ಯಂತ್ರಕ್ಕೂ ಬಂದಿದೆ. ನನ್ನ ಮಟ್ಟಿಗೆ ಈ ಬಗೆಯಲ್ಲಿ ಅದನ್ನು ಮೀರಿಸಿದ ಆಟ ಇನ್ನೊಂದಿಲ್ಲ. ಆದರೆ ಅದರ ಕಥಾವಿಭಾಗದ ಸವಾಲುಗಳು ಪಳಗಿದವರನ್ನೂ ಗಂಟೆಗಟ್ಟಲೆ ಅಲ್ಲೇ ನಿಲ್ಲಿಸುವಷ್ಟು ಕಠಿಣವಾಗಿರುವುದರಿಂದ, ಮೊದಲ ಆರು ತಿಂಗಳು ಅದನ್ನು ಕಪಾಟಿನಲ್ಲಿಯೇ ಇಡುವುದು ಲೇಸು.

ಟಿವಿಯ ವಿಷಯಕ್ಕೆ ಬರೋಣ. ಇದನ್ನು ಕಡೆಗಣಿಸಿ ಸೋತವರನ್ನು ಬಹಳ ನೋಡಿದ್ದೇನೆ. ನೌಕೆಯೊಂದು ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 250 ಮೀಟರ್. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಬದಲಾಗುತ್ತಿದ್ದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ನೌಕೆ ನಾಲ್ಕು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಸಾಗಿರುತ್ತದೆ; 30 ಚಿತ್ರಗಳಾದರೆ ಎಂಟು ಮೀಟರ್. ಈಗಿನ ಟಿವಿಗಳು ಬಣ್ಣವನ್ನೂ ಚಲನೆಯನ್ನೂ ಸುಂದರಗೊಳಿಸುವ ನೆಪದಲ್ಲಿ ಪ್ರತಿ ಚಿತ್ರವನ್ನು ಕೆಲಕಾಲ ತಮ್ಮ ಬಳಿಯೇ ಇಟ್ಟುಕೊಳ್ಳುತ್ತವೆ. ಆ ವಿಳಂಬ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ಸಾಕು, ನಿಮಗೆ ಕಾಣುತ್ತಿರುವ ನೌಕೆ 25 ಮೀಟರ್ ಹಿಂದಿನದ್ದಾಗಿರುತ್ತದೆ. ಕಣ್ಣಿಗೆ ತಿರುವು ಇನ್ನೂ ಮುಂದಿದೆ, ಆಟದ ಲೆಕ್ಕದಲ್ಲಿ ನೀವಾಗಲೇ ಗೋಡೆಗೆ ಬಡಿದಿದ್ದೀರಿ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಎಂಬುದನ್ನು ಹುಡುಕಿ ಚಾಲೂ ಮಾಡಿ, ಚಲನೆಯನ್ನು ನಯಗೊಳಿಸುವ ಆಯ್ಕೆ ಯಾವುದಿದ್ದರೂ ಬಂದ್ ಮಾಡಿ. ಕಂಪ್ಯೂಟರಿನಲ್ಲಿ ಆಡುವವರು ನೆರಳು, ಪ್ರತಿಬಿಂಬ, ಹೊಗೆ ಮುಂತಾದ ಅಲಂಕಾರಗಳನ್ನು ಇಳಿಸಿಯಾದರೂ 60 ಚಿತ್ರಗಳನ್ನು ಉಳಿಸಿಕೊಳ್ಳಬೇಕು. ಎಫ್-ಝೀರೋ ಎಕ್ಸ್ ಮಾಡಿದವರೂ ಇದನ್ನೇ ಮಾಡಿದರು: ಟ್ರ್ಯಾಕಿನ ಸುತ್ತಲಿನ ದೃಶ್ಯವನ್ನು ಬೋಳಾಗಿ ಬಿಟ್ಟು, 30 ನೌಕೆಗಳು ಒಟ್ಟಿಗೆ ಓಡುವಾಗಲೂ 60 ಚಿತ್ರಗಳ ವೇಗ ಕುಂದದಂತೆ ನೋಡಿಕೊಂಡರು. ಅಂದು ಆ ಬೋಳು ಆಕಾಶವನ್ನು ನೋಡಿ ಬೇಸರಪಟ್ಟವರೂ ಆಡಿದ ಮೇಲೆ ಅದರ ಬೆಲೆಯನ್ನು ಅರಿತರು.

ಆರೋಗ್ಯದ ಬಗ್ಗೆ ಒಂದು ಎಚ್ಚರಿಕೆ ಇಲ್ಲಿಯೇ ಸಲ್ಲುತ್ತದೆ. ಈ ಆಟಗಳಲ್ಲಿ ಬೆಳಕು ಥಟ್ಟನೆ ಮಿಂಚಿ ಮರೆಯಾಗುವುದು ಬಹಳ. ವೈಪೌಟ್ ಎಚ್‌ಡಿ 2008ರಲ್ಲಿ ತಡವಾಗಿ ಹೊರಬರಲು ಅಪಸ್ಮಾರದ ಸುರಕ್ಷತಾ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದುದೇ ಕಾರಣವೆಂದು ಆಗ ವರದಿಯಾಗಿತ್ತು. ಮನೆಯಲ್ಲಿ ಯಾರಿಗಾದರೂ ಮೂರ್ಛೆ ರೋಗವಿದ್ದರೆ ವೈದ್ಯರನ್ನು ಕೇಳದೆ ಅವರನ್ನು ಈ ಪರದೆಯ ಮುಂದೆ ಕೂರಿಸಬಾರದು.

ಈಗ ಮುಖ್ಯ ವಿಷಯ, ತಿರುಗಿಸುವುದು. ಕಾರಿಗೆ ಚಕ್ರವಿದೆ, ಚಕ್ರ ನೆಲವನ್ನು ಕಚ್ಚಿ ಹಿಡಿಯುತ್ತದೆ, ಆದ್ದರಿಂದ ಸ್ಟಿಯರಿಂಗ್ ತಿರುಗಿಸಿದತ್ತ ಕಾರು ಹೋಗುತ್ತದೆ. ತೇಲುನೌಕೆಗೆ ಕಚ್ಚಿ ಹಿಡಿಯಲು ಏನೂ ಇಲ್ಲ. ಮೂತಿ ಬಲಕ್ಕೆ ತಿರುಗಿದರೂ ಒಡಲು ಸ್ವಲ್ಪ ಹೊತ್ತು ಹಳೆಯ ದಿಕ್ಕಿನಲ್ಲಿಯೇ ಜಾರುತ್ತಿರುತ್ತದೆ. ಹರಿಹರದಲ್ಲಿ ತುಂಗಭದ್ರೆಯ ಮೇಲೆ ದೋಣಿಯಲ್ಲಿ ಕುಳಿತವರು ಇದನ್ನು ಮೈಯಲ್ಲಿಯೇ ಅನುಭವಿಸಿರುತ್ತಾರೆ. ಅಂಬಿಗ ಬಲಗಡೆಯ ಹುಟ್ಟನ್ನು ನೀರಿನಲ್ಲಿ ಅಡ್ಡಲಾಗಿ ಹಿಡಿದು ನಿಲ್ಲಿಸಿದರೆ ಆ ಬದಿಗೆ ನೀರಿನ ತಡೆ ಹೆಚ್ಚಿ ದೋಣಿಯ ಮೂತಿ ಬಲಕ್ಕೆ ಹೊರಳುತ್ತದೆ, ಆದರೆ ದೋಣಿ ಒಂದಷ್ಟು ದೂರ ಮುಂದಕ್ಕೇ ಹೋಗಿ ಆಮೇಲೆ ಹೊಸ ದಾರಿ ಹಿಡಿಯುತ್ತದೆ. ಏರ್‌ಬ್ರೇಕ್ ಎಂದರೆ ಆ ಹುಟ್ಟು. ಬಲ ಏರ್‌ಬ್ರೇಕ್ ಒತ್ತಿದಾಗ ನೌಕೆಯ ಬಲಬದಿಯ ರೆಕ್ಕೆ ಗಾಳಿಗೆ ಅಡ್ಡವಾಗಿ ತೆರೆದುಕೊಳ್ಳುತ್ತದೆ. ದಡ ಬಂದ ಮೇಲೆ ಹುಟ್ಟು ಹಾಕುವ ಅಂಬಿಗನಿಲ್ಲ. ನೀವೂ ತಿರುವು ಬಂದ ಮೇಲೆ ಏರ್‌ಬ್ರೇಕ್ ಒತ್ತಿದರೆ ತಡವಾಯಿತೆಂದೇ ಅರ್ಥ.

ಬಲಕ್ಕೆ ಬಿಗಿಯಾಗಿ ಹೊರಳುವ ಒಂದು ತಿರುವನ್ನು ಬೆರಳುಗಳ ಮಟ್ಟದಲ್ಲಿ ನೋಡೋಣ. ತಿರುವು ಇನ್ನೂ ದೂರವಿರುವಾಗಲೇ ನೌಕೆಯನ್ನು ಟ್ರ್ಯಾಕಿನ ಎಡಬದಿಗೆ ತನ್ನಿ, ಆದರೆ ಗೋಡೆಗೆ ಉಜ್ಜದಷ್ಟು ಅಂತರವಿರಲಿ. ಒಳಗೋಡೆ ಬಾಗಲು ತೊಡಗುವ ಜಾಗದ ಮೇಲೆ ಕಣ್ಣಿಡಿ. ಅದು ಪರದೆಯ ಮಧ್ಯದಿಂದ ಬಲಕ್ಕೆ ಸರಿಯತೊಡಗಿದ ಕೂಡಲೇ ಎಡಗೈ ಹೆಬ್ಬೆರಳಿನಿಂದ ಸ್ಟಿಕ್ಕನ್ನು ಅರ್ಧದಷ್ಟು ಬಲಕ್ಕೆ ವಾಲಿಸಿ, ಪೂರ್ತಿ ವಾಲಿಸಬೇಡಿ. ನಂತರ ಬಲಗೈ ತೋರುಬೆರಳಿನಿಂದ ಏರ್‌ಬ್ರೇಕನ್ನು ಮೆಲ್ಲನೆ ಒಳಕ್ಕೆ ಎಳೆಯುತ್ತಾ ಹೋಗಿ. ಮೂತಿ ತಿರುವಿನ ಆಚೆಗಿನ ನೇರ ದಾರಿಯನ್ನು ನೋಡಿದ ಕ್ಷಣವೇ ಏರ್‌ಬ್ರೇಕ್ ಬಿಟ್ಟುಬಿಡಿ, ಸ್ಟಿಕ್ಕನ್ನು ನಡುವಿಗೆ ತನ್ನಿ. ನೌಕೆ ಆಗಲೂ ಎಡಕ್ಕೆ ಜಾರುತ್ತಲೇ ಇರುತ್ತದೆ, ಹೆದರಬೇಡಿ, ಆ ಜಾರಿಕೆಗಾಗಿಯೇ ಅಷ್ಟು ಜಾಗವನ್ನು ಉಳಿಸಿಕೊಂಡದ್ದು. ಇಷ್ಟೂ ಹೊತ್ತು ಬಲಗೈ ಹೆಬ್ಬೆರಳು ವೇಗದ ಗುಂಡಿಯ ಮೇಲೆಯೇ ಇರಲಿ. ಕಡುಬಿಗಿಯಾದ ತಿರುವುಗಳಲ್ಲಿ ಮಾತ್ರ ಏರ್‌ಬ್ರೇಕಿಗೆ ಮೊದಲು ಒಂದು ಗಳಿಗೆ ಅದನ್ನು ಸಡಿಲಿಸಬಹುದು. ಹೊಸಬರು ಮಾಡುವ ತಪ್ಪು ಏರ್‌ಬ್ರೇಕ್ ಒತ್ತದಿರುವುದಕ್ಕಿಂತ ಹೆಚ್ಚಾಗಿ ಅದನ್ನು ತಡವಾಗಿ ಬಿಡುವುದು. ಆಗ ಮೂತಿ ಅಗತ್ಯಕ್ಕಿಂತ ಹೆಚ್ಚು ತಿರುಗಿ, ಹೊರಗೋಡೆಯಿಂದ ಪಾರಾದ ನೌಕೆ ಒಳಗೋಡೆಗೆ ಹೋಗಿ ಬಡಿಯುತ್ತದೆ.

ಎಡ ಬಲ ಎಂದು ಬೆನ್ನುಬೆನ್ನಿಗೆ ಬರುವ ತಿರುವುಗಳಿಗೆ ಬೇರೆಯೇ ವಿಚಾರ ಬೇಕು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಹತ್ತಿದವರಿಗೆ ಬಾಗಿಲುಗಳ ಮುಂದಿನ ಹಾದಿ ಹಾವಿನಂತೆ ಬಳುಕುವುದು ನೆನಪಿರುತ್ತದೆ. ಶತ್ರುವಿನ ಆನೆಗಳು ನೇರವಾಗಿ ಓಡಿಬಂದು ಬಾಗಿಲಿಗೆ ಗುದ್ದದಂತೆ ಹಾಗೆ ಕಟ್ಟಿದ್ದಾರೆ ಎಂದು ಅಲ್ಲಿ ವಿವರಿಸುತ್ತಾರೆ. ಟ್ರ್ಯಾಕ್ ರೂಪಿಸುವವರ ಉದ್ದೇಶವೂ ಅಂಥದ್ದೇ, ನೀವು ಗಳಿಸಿದ ವೇಗವನ್ನು ಮುರಿಯುವುದು. ಅಲ್ಲಿ ಮೊದಲ ತಿರುವನ್ನು ಚೆನ್ನಾಗಿ ತೆಗೆದುಕೊಳ್ಳಲು ಹೋದವನು ಎರಡನೆಯದರಲ್ಲಿ ಸಿಕ್ಕಿಬೀಳುತ್ತಾನೆ, ಏಕೆಂದರೆ ಮೊದಲ ತಿರುವಿನಿಂದ ಹೊರಬರುವ ಜಾರಿಕೆ ಅವನನ್ನು ಎರಡನೆಯ ತಿರುವಿನ ತಪ್ಪು ಬದಿಗೆ ಒಯ್ದಿರುತ್ತದೆ. ಮೊದಲನೆಯದನ್ನು ಬೇಕೆಂದೇ ಬಿಗಿಯಾಗಿ, ಸ್ವಲ್ಪ ನಿಧಾನವಾಗಿ, ಒಳಬದಿಗೆ ಅಂಟಿಕೊಂಡು ಮುಗಿಸಿ; ಎರಡನೆಯದರಿಂದ ಹೊರಬರುವ ದಾರಿ ವಿಶಾಲವಾಗಿ ತೆರೆದುಕೊಳ್ಳುತ್ತದೆ. ವೈಪೌಟಿನ ಈಚಿನ ಆಟಗಳಲ್ಲಿ ಏರ್‌ಬ್ರೇಕನ್ನು ಎರಡು ಬಾರಿ ಪಟಪಟನೆ ಒತ್ತಿದರೆ ನೌಕೆ ಆ ಬದಿಗೆ ಚಂಗನೆ ಸರಿಯುತ್ತದೆ. ಇಂಥ ಜಾಗಗಳಲ್ಲಿ ಅದು ಆಪತ್ತಿಗೊದಗುವ ನೆಂಟ, ಆದರೆ ಆರಂಭದಲ್ಲಿಯೇ ಅದಕ್ಕೆ ಒಗ್ಗಿಕೊಂಡರೆ ಸರಿಯಾದ ಗೆರೆಯನ್ನು ಕಲಿಯುವುದು ಹಿಂದೆ ಬೀಳುತ್ತದೆ.

ಇದೆಲ್ಲವೂ ಆಟದಿಂದ ಆಟಕ್ಕೆ ಒಂದಿಷ್ಟು ಬದಲಾಗುತ್ತದೆ. ಮೊಟ್ಟಮೊದಲ ಎಫ್-ಝೀರೋದಲ್ಲಿ ಹೆಗಲ ಗುಂಡಿಯಿಂದ ನೌಕೆಯನ್ನು ವಾಲಿಸುತ್ತಾ ವೇಗದ ಗುಂಡಿಯನ್ನು ಬಿಟ್ಟು ಬಿಟ್ಟು ಒತ್ತಿದರೆ ಬಿಗಿ ತಿರುವಿನಲ್ಲಿ ಹಿಡಿತ ಉಳಿಯುತ್ತದೆ. ಜಿಎಕ್ಸ್‌ನಲ್ಲಿ ಎರಡೂ ಹೆಗಲ ಗುಂಡಿಗಳನ್ನು ಒಟ್ಟಿಗೆ ಒತ್ತಿ ಜಾರಿಸಬಹುದು. ಫಾಸ್ಟ್ ಆರ್‌ಎಂಎಕ್ಸ್‌ನಲ್ಲಿ ದಾರಿಯ ಮೇಲಿನ ಪಟ್ಟಿ ನೀಲಿಯೋ ಕಿತ್ತಳೆಯೋ ನೋಡಿ ನೌಕೆಯ ಬಣ್ಣವನ್ನೂ ಗುಂಡಿಯಿಂದ ಬದಲಿಸಬೇಕು; ಹೊಂದಿದರೆ ವೇಗ, ಹೊಂದದಿದ್ದರೆ ತಡೆ. ರೆಡೌಟ್‌ನಲ್ಲಿ ಬಲಗೈ ಸ್ಟಿಕ್ಕಿಗೂ ಬಿಡುವಿಲ್ಲ. ಅದರಿಂದ ನೌಕೆಯನ್ನು ಪಕ್ಕಕ್ಕೆ ಸರಿಸಬೇಕು, ಏರು ಬಂದಾಗ ಮೂತಿಯನ್ನು ಎತ್ತಬೇಕು, ದಿಬ್ಬ ದಾಟಿದ ಕೂಡಲೇ ತಗ್ಗಿಸಬೇಕು. ತಪ್ಪಿದರೆ ನೌಕೆಯ ಹೊಟ್ಟೆ ನೆಲಕ್ಕೆ ಉಜ್ಜಿ ವೇಗ ಸೋರಿಹೋಗುತ್ತದೆ. ಎರಡು ಕೈಗಳಿಗೂ ಏಕಕಾಲಕ್ಕೆ ಹೊಸ ಕೆಲಸ ಹಚ್ಚುವುದರಿಂದಲೇ ಅದನ್ನು ಮೊದಲ ಆಟವಾಗಿ ಬೇಡವೆಂದದ್ದು.

ಅಭ್ಯಾಸಕ್ಕೆ ಒಂದೇ ನೌಕೆ, ಒಂದೇ ಟ್ರ್ಯಾಕ್, ಎಲ್ಲಕ್ಕಿಂತ ನಿಧಾನದ ದರ್ಜೆ. ಒಮೇಗಾ ಕಲೆಕ್ಷನ್‌ನಲ್ಲಿ ವೆನಮ್, ಫ್ಲ್ಯಾಶ್, ರೇಪಿಯರ್, ಫ್ಯಾಂಟಮ್ ಎಂಬ ನಾಲ್ಕು ದರ್ಜೆಗಳಿವೆ. ಮೊದಲ ತಿಂಗಳು ವೆನಮ್ ಬಿಟ್ಟು ಕದಲಬೇಡಿ. ಮೊದಲ ನೌಕೆಯಾಗಿ ಫೈಸಾರ್ ತಂಡದ್ದನ್ನು ಆರಿಸಿಕೊಳ್ಳಿ, ತಿರುಗುವುದರಲ್ಲಿ ಅದು ಸೌಮ್ಯ. ಎದುರಾಳಿಗಳೂ ಆಯುಧಗಳೂ ಇಲ್ಲದ ಟೈಮ್ ಟ್ರಯಲ್ ವಿಭಾಗದಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಕುಳಿತರೆ ಕಣ್ಣು ಸೋತು, ಕೈ ತಪ್ಪನ್ನೇ ಕಲಿಯತೊಡಗುತ್ತದೆ ಎಂಬುದು ನನ್ನ ಅನುಭವ.

ಈ ದಿನಗಳಲ್ಲಿ ಸಮಯವನ್ನು ನೋಡಬೇಡಿ, ಗೋಡೆಗೆ ತಾಗಿದ್ದನ್ನು ಎಣಿಸಿ. ನನ್ನ ಹತ್ತಿರ ಇನ್ನೂ ಇರುವ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿನಲ್ಲಿಯೂ ಇರುವುದು ತಾರೀಖು, ಟ್ರ್ಯಾಕಿನ ಹೆಸರು ಮತ್ತು ಒಂದು ಸಂಖ್ಯೆ ಮಾತ್ರ. ವೈಪೌಟ್ 2097ರ ಸಾಗರಮಾಥಾ ಎಂಬ ಟ್ರ್ಯಾಕಿಗೆ (ಎವರೆಸ್ಟಿಗೆ ನೇಪಾಳಿಗಳು ಇಟ್ಟಿರುವ ಹೆಸರದು) ಒಂಬತ್ತು ಪುಟಗಳು ಹಿಡಿದಿವೆ. ಮೊದಲ ಪುಟದಲ್ಲಿ 19, 22, 17 ಎಂದೆಲ್ಲ ಇದ್ದದ್ದು ಒಂಬತ್ತನೆಯ ಪುಟದ ಕೊನೆಗೆ 1, 0, 0 ಆಗಿದೆ. ಯಾವ ತಿರುವಿನಲ್ಲಿ ತಾಗಿತು ಎಂದು ಗುರುತು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಹತ್ತರಲ್ಲಿ ಏಳು ಸಲ ಒಂದೇ ತಿರುವು ನಿಮ್ಮನ್ನು ಸೋಲಿಸುತ್ತಿರುವುದು ಆಗ ತಿಳಿಯುತ್ತದೆ, ಆ ತಿರುವಿನ ಹಿಂದಿನ ತಿರುವಿನಲ್ಲಿ ತಪ್ಪು ಇರುವುದೂ ಬಹುಮಟ್ಟಿಗೆ ಗೊತ್ತಾಗುತ್ತದೆ.

ಕಣ್ಣನ್ನು ಎಲ್ಲಿಡಬೇಕೆಂಬುದೂ ಅಭ್ಯಾಸದ ಭಾಗವೇ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು ಹೋಗಿ ನೋಡಿ. ರಸ್ತೆಬದಿಯ ಕಲ್ಲು, ಬೇಲಿ, ಫಲಕಗಳನ್ನು ನೋಡುತ್ತಿದ್ದರೆ ಎಲ್ಲವೂ ಚೂರುಚೂರಾಗಿ ಹಾರಿಹೋಗುತ್ತವೆ, ಯಾವುದನ್ನೂ ಓದಲಾಗುವುದಿಲ್ಲ. ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದರೆ ಅವು ನಿಂತಲ್ಲಿಯೇ ನಿಂತು ನಿಧಾನವಾಗಿ ಸ್ಥಳ ಬದಲಿಸುತ್ತವೆ. ನೌಕೆಯ ಹಿಂಭಾಗವನ್ನು ನೋಡುತ್ತಾ ಆಡುವವನು ಬೇಲಿಯನ್ನು ನೋಡುತ್ತಿದ್ದಾನೆ. ಪರದೆಯಲ್ಲಿ ದಾರಿ ಕಾಣಿಸಿಕೊಳ್ಳುವ ಅತಿ ದೂರದ ಬಿಂದುವಿನ ಮೇಲೆ ನೋಟವಿರಲಿ. ನೌಕೆ ಕಣ್ಣಂಚಿನಲ್ಲಿ ಇದ್ದರೆ ಸಾಕು. ಇಷ್ಟು ಮಾತ್ರದಿಂದಲೇ ಅದೇ ವೇಗ ಮೊದಲಿಗಿಂತ ನಿಧಾನವೆನಿಸುತ್ತದೆ.

ಸತತವಾಗಿ ಐದು ಸುತ್ತು ಗೋಡೆ ತಾಗದೆ ಮುಗಿಸಿದ ದಿನ ಮುಂದಿನ ದರ್ಜೆಗೆ ಏರಬಹುದು. ಅಲ್ಲಿಗೆ ನೇರವಾಗಿ ಹೋಗದೆ, ಒಂದು ದಿನ ಎರಡು ದರ್ಜೆ ಮೇಲಿನ ವೇಗದಲ್ಲಿ ಹತ್ತು ನಿಮಿಷ ಆಡಿ. ಬಡಿಯುತ್ತೀರಿ, ಚಿಂತೆಯಿಲ್ಲ. ಮರುದಿನ ಒಂದು ದರ್ಜೆ ಕೆಳಗಿಳಿದರೆ ಕಣ್ಣಿಗೆ ಆ ವೇಗ ಬಿಡುವು ಕೊಟ್ಟಂತೆ ಕಾಣುತ್ತದೆ. ಈ ಹಂತದಲ್ಲಿ ಜಿಗಿತಗಳನ್ನೂ ಕಲಿಯಿರಿ: ದಿಬ್ಬದ ಅಂಚಿಗೆ ಮೊದಲು ಸ್ಟಿಕ್ಕನ್ನು ತುಸು ಹಿಂದಕ್ಕೆಳೆದು ಮೂತಿಯನ್ನು ಎತ್ತಿದರೆ ನೌಕೆ ಹೆಚ್ಚು ದೂರ ತೇಲಿ ಮೃದುವಾಗಿ ಇಳಿಯುತ್ತದೆ. ಗಾಳಿಯಲ್ಲಿರುವಾಗ ಎಡ, ಬಲ, ಎಡ ಎಂದು ಸ್ಟಿಕ್ಕನ್ನು ಥಟ್ಟನೆ ಆಡಿಸಿದರೆ ನೌಕೆ ಒಂದು ಉರುಳು ಉರುಳಿ, ಇಳಿದ ಮೇಲೆ ವೇಗದ ಒಂದು ತಳ್ಳು ಸಿಗುತ್ತದೆ. ಅದಕ್ಕೆ ಕವಚದ ಶಕ್ತಿಯ ಒಂದು ಪಾಲನ್ನು ತೆರಬೇಕು. ಆಯುಧಗಳ ಸ್ಪರ್ಧೆಗೆ ಇಳಿದಾಗಲೂ ಇದೇ ಲೆಕ್ಕವನ್ನು ನೆನಪಿಡಿ. ಸಿಕ್ಕ ಆಯುಧವನ್ನೆಲ್ಲ ಹಾರಿಸಬೇಕಾಗಿಲ್ಲ. ಅದನ್ನು ಹೀರಿಕೊಂಡು ಶಕ್ತಿಯಾಗಿ ಪರಿವರ್ತಿಸುವ ಗುಂಡಿಯಿದೆ. ಹೊಸಬರಿಗೆ ರಾಕೆಟಿಗಿಂತ ಆ ಶಕ್ತಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬೇಸರ ಬಂದಾಗ ಝೋನ್ ವಿಭಾಗವನ್ನು ತೆರೆಯಿರಿ. ಅಲ್ಲಿ ವೇಗದ ಗುಂಡಿಗೆ ಕೆಲಸವಿಲ್ಲ, ನೌಕೆ ತಾನಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತದೆ, ಶಕ್ತಿ ಮುಗಿಯುವವರೆಗೆ ನೀವು ತಿರುಗಿಸಿದರೆ ಸಾಕು. ಬಣ್ಣಗಳು ಬದಲಾಗುತ್ತಾ, ದಾರಿ ಒಂದು ಗೆರೆಯಷ್ಟೇ ಆಗಿ ಉಳಿದು, ಕೈ ತಾನೇ ಮುಂದಾಗಿ ತಿರುಗತೊಡಗುವ ಆ ಕೆಲವು ನಿಮಿಷಗಳಿಗಾಗಿಯೇ ನಾನು ಇಷ್ಟು ವರ್ಷ ಈ ಆಟಗಳನ್ನು ಬಿಡದೆ ಆಡಿದ್ದೇನೆ.

ವಿದ್ಯಾನಗರದಲ್ಲಿರುವ ನನ್ನ ಅಕ್ಕನ ಮಗ ಕಳೆದ ಬೇಸಿಗೆಯಲ್ಲಿ ಈ ಕ್ರಮದಲ್ಲಿಯೇ ಕಲಿತ. ಹತ್ತೊಂಬತ್ತನೆಯ ದಿನ ಅವನಿಗೆ ಸೊನ್ನೆಯ ಐದು ಸುತ್ತುಗಳು ಸಿಕ್ಕವು. ನಿಮಗೂ ಆ ದಿನ ಬಂದಾಗ, ಅಂದು ಸಂಜೆಯೇ ಪೈಲಟ್ ಅಸಿಸ್ಟ್ ಬಂದ್ ಮಾಡಿಬಿಡಿ. ಅದುವರೆಗೆ ಗೋಡೆಗಳಿಂದ ಎಷ್ಟು ಸಲ ಅದು ನಿಮ್ಮನ್ನು ಪಾರುಮಾಡಿತ್ತು ಎಂಬುದು ಮೊದಲ ಸುತ್ತಿನಲ್ಲಿಯೇ ತಿಳಿಯುತ್ತದೆ. ಸಂಖ್ಯೆ ಮತ್ತೆ ಹತ್ತಕ್ಕೋ ಹದಿನೈದಕ್ಕೋ ಏರುತ್ತದೆ. ನೋಟ್‌ಬುಕ್ಕಿನ ಹೊಸ ಪುಟ ತೆರೆದು ಮೊದಲ ಸಾಲಿನಲ್ಲಿ ಅದನ್ನೇ ಬರೆದುಕೊಳ್ಳಿ.